ಎದುರಿಗೆ ನಿಂತವಳಿಗೊಂದು ‘ನೀನು’

ಕುವೈತಿನ ಒಂದು ಸಣ್ಣ ಕ್ಲಿನಿಕ್ಕಿನ ಕೌಂಟರಿಗೆ ನಾನು ಕೆಲಸಕ್ಕೆ ಸೇರಿ ಮೂರು ವಾರ ಆಗಿತ್ತು. ಬೆಳಿಗ್ಗೆ ಏಳಕ್ಕೆ ಶಟರ್ ಎತ್ತಿದರೆ ಟೋಕನ್ ಕೊಡುವುದು, ಹೆಸರು ಬರೆದುಕೊಳ್ಳುವುದು, ಫೈಲು ಹುಡುಕಿ ಡಾಕ್ಟರ ಮೇಜಿಗೆ ಮುಟ್ಟಿಸುವುದು. ಜತೆಗಿದ್ದವರು ಕೇರಳದ ಇಬ್ಬರು, ಬಾಂಗ್ಲಾದೇಶದ ಒಬ್ಬ, ಈಜಿಪ್ಟಿನ ಒಬ್ಬ ಲ್ಯಾಬ್ ಟೆಕ್ನೀಷಿಯನ್. ಅವರ ಬಾಯಿಂದ ಹೆಕ್ಕಿಕೊಂಡ ಇಪ್ಪತ್ತು ಮೂವತ್ತು ಮಾತುಗಳೇ ನನ್ನ ಅರಬಿ. ಅಂದು ಕಪ್ಪು ಅಬಾಯಾ ತೊಟ್ಟ ಹಿರಿಯ ಹೆಂಗಸೊಬ್ಬರು ಮೊಮ್ಮಗನ ಕೈಹಿಡಿದು ಬಂದರು. ನಾನು ನಗುತ್ತಾ ‘ಶ್ಲೋನಕ್, ಯಾ ಹಜ್ಜಿಯಾ?’ ಎಂದೆ. ಹೇಗಿದ್ದೀರಿ ಅಮ್ಮಾ ಎಂದು ಕೇಳಿದೆ ಅಂತಲೇ ನನ್ನ ಲೆಕ್ಕ.

ಅವರು ಕೈಚೀಲವನ್ನು ಕೌಂಟರಿನ ಮೇಲಿಟ್ಟರು. ತೋರುಬೆರಳನ್ನು ಮೊಮ್ಮಗನ ಎದೆಗೆ ತಾಗಿಸಿ ‘ಶ್ಲೋನಕ್’ ಎಂದರು. ಆಮೇಲೆ ಅದೇ ಬೆರಳನ್ನು ತಮ್ಮ ಎದೆಗೆ ತಂದು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ನಿಧಾನವಾಗಿ, ‘ಶ್ಲೋನಿಚ್, ಯಾ ವಲದಿ. ಶ್ಲೋನಿಚ್’ ಎಂದರು. ವಲದಿ ಅಂದರೆ ನನ್ನ ಮಗನೇ. ನಾನು ತಿರುಗಿ ಹೇಳಿದೆ. ಸರಿಯಾಯಿತು ಎಂಬಂತೆ ತಲೆಯಾಡಿಸಿ ಟೋಕನ್ ತೆಗೆದುಕೊಂಡು ಹೋಗಿ ಕುಳಿತರು.

ಮೂರು ವಾರದಲ್ಲಿ ಎಷ್ಟು ತಾಯಂದಿರನ್ನು, ಎಷ್ಟು ಬಸುರಿಯರನ್ನು ನಾನು ಗಂಡಸರಂತೆ ಮಾತಾಡಿಸಿ ಕಳಿಸಿದ್ದೆನೋ! ಯಾರೂ ತಿದ್ದಿರಲಿಲ್ಲ, ಹೊರದೇಶದ ಕೂಲಿಯಾಳು ಹೀಗೇ ಮಾತಾಡುವುದು ಎಂದು ಅವರು ಸುಮ್ಮನಾಗಿರಬೇಕು. ಕನ್ನಡದವನಿಗೆ ಇದು ತಪ್ಪೆಂದು ಹೊಳೆಯುವುದೂ ಕಷ್ಟ. ನಮ್ಮ ‘ನೀನು’ ಗಂಡಿಗೂ ಹೆಣ್ಣಿಗೂ ಒಂದೇ, ಕರುವಿಗೂ ದೇವರಿಗೂ ಒಂದೇ. ಎದುರಿಗೆ ನಿಂತವರಲ್ಲಿ ನಾವು ನೋಡುವುದು ವಯಸ್ಸು, ಸಲಿಗೆ, ಗೌರವ. ನೀನು ಎನ್ನಲೋ, ನೀವು ಎನ್ನಲೋ, ತಾವು ಎನ್ನಲೋ ಎಂಬುದಷ್ಟೇ ನಮ್ಮ ಗೊಂದಲ. ಶಾಲೆಯಲ್ಲಿ ಕಲಿತ ಇಂಗ್ಲಿಷಿನ ‘ಯು’ ಅದನ್ನೂ ನೋಡುವುದಿಲ್ಲ. ರಾಜನಿಗೂ ಜವಾನನಿಗೂ ಅದೇ ‘ಯು’. ಅರಬಿ ಮಾತ್ರ ಮೊದಲ ಮಾತಿನಲ್ಲೇ ಕೇಳುತ್ತದೆ: ಯಾರೊಂದಿಗೆ ಮಾತಾಡುತ್ತಿದ್ದೀಯೆ, ಗಂಡೋ ಹೆಣ್ಣೋ, ಹೇಳು.

ಆ ದಿನದಿಂದ ನನಗೆ ಸರ್ವನಾಮಗಳ ಹುಚ್ಚು ಹಿಡಿಯಿತು. ರಜೆಯ ಶುಕ್ರವಾರಗಳಲ್ಲಿ ಇಂಗ್ಲಿಷ್ ಮತ್ತು ಅರಬಿ ವ್ಯಾಕರಣಗಳನ್ನು ಅಕ್ಕಪಕ್ಕ ಇಟ್ಟು ಓದಿದೆ. ಕುವೈತ್ ಬಿಟ್ಟು ಕುಂದಾಪುರಕ್ಕೆ ಮರಳಿದ ಮೇಲೂ ಆ ಓದು ನಿಂತಿಲ್ಲ.

ಇಂಗ್ಲಿಷಿನಲ್ಲಿ ಲಿಂಗ ಕಾಣಿಸುವುದು ಒಂದೇ ಮೂಲೆಯಲ್ಲಿ. ಹಿ, ಶಿ, ಇಟ್. ಅದೂ ಏಕವಚನದಲ್ಲಿ, ಅದೂ ಮಾತಿನಿಂದ ಹೊರಗೆ ನಿಂತ ಮೂರನೆಯವರಿಗೆ. ಐ, ವಿ, ಯು, ದೇ ಇವುಗಳಿಗೆ ಲಿಂಗವಿಲ್ಲ. ಕ್ರಿಯಾಪದಕ್ಕೂ ಇಲ್ಲ, ‘ರೋಟ್’ ಅಂದರೆ ಬರೆದನು, ಬರೆದಳು, ಬರೆಯಿತು ಎಲ್ಲವೂ ಹೌದು.

ಗ್ರಾಂಥಿಕ ಅರಬಿಯಲ್ಲಿ ಬಿಡಿಯಾಗಿ ನಿಲ್ಲುವ ಸರ್ವನಾಮಗಳು 12. ‘ಅನಾ’ ಎಂದರೆ ನಾನು, ‘ನಹ್ನು’ ಎಂದರೆ ನಾವು, ಇವೆರಡಕ್ಕೆ ಲಿಂಗವಿಲ್ಲ. ನೀನು ಎನ್ನಲು ಗಂಡಿಗೆ ‘ಅಂತ’, ಹೆಣ್ಣಿಗೆ ‘ಅಂತಿ’. ನೀವು ಎನ್ನಲು ಗಂಡಸರಿಗೆ ‘ಅಂತುಮ್’, ಹೆಂಗಸರಿಗೆ ‘ಅಂತುನ್ನ’. ಅವನು ‘ಹುವ’, ಅವಳು ‘ಹಿಯ’. ಅವರು ಗಂಡಸರಾದರೆ ‘ಹುಮ್’, ಹೆಂಗಸರೇ ಆದರೆ ‘ಹುನ್ನ’. ಇನ್ನುಳಿದವು ದ್ವಿವಚನದ ಎರಡು: ನೀವಿಬ್ಬರು ‘ಅಂತುಮಾ’, ಅವರಿಬ್ಬರು ‘ಹುಮಾ’. ವಿಚಿತ್ರವೆಂದರೆ ಈ ಇಬ್ಬರಲ್ಲಿ ಗಂಡೆಷ್ಟು ಹೆಣ್ಣೆಷ್ಟು ಎಂದು ಭಾಷೆ ಕೇಳುವುದಿಲ್ಲ. ಒಟ್ಟು 12ರಲ್ಲಿ 8 ಲಿಂಗ ಹೇಳುತ್ತವೆ, 4 ಹೇಳುವುದಿಲ್ಲ. ಇವೇ ಪ್ರತ್ಯಯಗಳಾಗಿ ನಾಮಪದಕ್ಕೆ, ಕ್ರಿಯಾಪದಕ್ಕೆ ಅಂಟುತ್ತವೆ. ‘ಕಿತಾಬುಕ’ ಎಂದರೆ ಗಂಡಸೇ ನಿನ್ನ ಪುಸ್ತಕ, ‘ಕಿತಾಬುಕಿ’ ಎಂದರೆ ಹೆಣ್ಣೇ ನಿನ್ನ ಪುಸ್ತಕ. ನೀನು ಬರೆದೆ ಎನ್ನಲೂ ‘ಕತಬ್ತ’, ‘ಕತಬ್ತಿ’ ಎಂದು ಎರಡು ದಾರಿ. ಬರೆ ಎಂದು ಹೇಳುವುದಕ್ಕೂ ‘ಉಕ್ತುಬ್’, ‘ಉಕ್ತುಬೀ’ ಎಂದು ಎರಡು.

ಸರ್ವನಾಮಕ್ಕೆ ಅರಬರು ‘ದಮೀರ್’ ಎನ್ನುತ್ತಾರೆ. ಒಳಗೆ ಅಡಗಿರುವುದು ಎಂಬ ಅರ್ಥದ ಧಾತುವಿನಿಂದ ಬಂದ ಮಾತು. ಅಂತಃಸಾಕ್ಷಿಗೂ ಇದೇ ಪದ. ಉರ್ದುವಿನಲ್ಲಿ ಅದು ಜಮೀರ್ ಆಗಿ, ನಮ್ಮೂರುಗಳಲ್ಲಿ ಗಂಡುಮಕ್ಕಳ ಹೆಸರೂ ಆಗಿದೆ. ‘ಕತಬತ್’ ಎಂದು ಕ್ರಿಯಾಪದ ಒಂದನ್ನೇ ಹೇಳಿದರೂ ‘ಅವಳು’ ಅದರೊಳಗೆ ಅಡಗಿ ಕುಳಿತಿರುತ್ತಾಳೆ. ‘ಬರೆದಳು’ ಎಂದಾಗ ಕನ್ನಡದಲ್ಲೂ ಹಾಗೇ ತಾನೆ? ಇಂಗ್ಲಿಷಿಗೆ ಮಾತ್ರ ‘ಶಿ’ ಎಂದು ಬಾಯಿಬಿಟ್ಟು ಹೇಳದೆ ಗತಿಯಿಲ್ಲ.

ಮದರಸಾಗಳಲ್ಲಿ ಮಕ್ಕಳು ಬಾಯಿಪಾಠ ಮಾಡುವ ಅರಬಿ ಕ್ರಿಯಾರೂಪಗಳ ಪಟ್ಟಿ ‘ಅವನು ಮಾಡಿದನು’ ಎಂಬಲ್ಲಿಂದ ಶುರುವಾಗಿ, 14 ಮೆಟ್ಟಿಲು ಇಳಿದು ‘ನಾವು ಮಾಡಿದೆವು’ ಎಂಬಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಪಟ್ಟಿ ಹೊರಡುವುದು ‘ನಾನು’ವಿನಿಂದ. ಈ ವಿಷಯದಲ್ಲಿ ನಾವು ಅರಬರ ಜತೆ. ‘ಅವನು’ ನಮಗೆ ಪ್ರಥಮ ಪುರುಷ, ‘ನಾನು’ ಕೊನೆಗೆ ಬರುವ ಉತ್ತಮ ಪುರುಷ. ಅರಬಿ ಪಂಡಿತರು ಕೊಟ್ಟ ಹೆಸರು ಇನ್ನೂ ಚೆಂದ: ಮಾತಾಡುವವನು, ಮಾತಾಡಿಸಿಕೊಳ್ಳುವವನು, ಅಲ್ಲಿಲ್ಲದವನು. ಈ ಹೆಸರುಗಳಲ್ಲೇ ಎರಡು ಭಾಷೆಗಳ ವ್ಯತ್ಯಾಸವನ್ನೂ ಹೇಳಬಹುದು. ಇಂಗ್ಲಿಷ್ ಲಿಂಗವನ್ನು ಕೇಳುವುದು ಅಲ್ಲಿಲ್ಲದವರ ಬಗ್ಗೆ ಮಾತ್ರ. ಅರಬಿ ಎದುರಿಗೆ ನಿಂತವರಲ್ಲೂ ಕೇಳುತ್ತದೆ.

ಇಲ್ಲೊಂದು ತೊಡಕಿದೆ. ಅರಬಿ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ‘ಅಂತ’, ‘ಅಂತಿ’ ಎರಡಕ್ಕೂ ಅವೇ ಅಕ್ಷರಗಳು. ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬುದು ಗಂಡಿಗೆ ‘ಉಹಿಬ್ಬುಕ’, ಹೆಣ್ಣಿಗೆ ‘ಉಹಿಬ್ಬುಕಿ’. ಕಾಗದದ ಮೇಲೆ ಎರಡೂ ಒಂದೇ. ಪತ್ರ ಯಾರಿಗೆ ಬರೆದದ್ದು ಎಂಬುದು ಕಣ್ಣಿಗೆ ಕಾಣುವುದಿಲ್ಲ, ಬಾಯಿಗೆ ಬಂದಾಗಲೇ ತಿಳಿಯುವುದು. ಅದಕ್ಕೇ ಈಗ ಮೊಬೈಲಿನಲ್ಲಿ ಚಾಟ್ ಮಾಡುವವರು ಹೆಣ್ಣಿಗೆ ಬರೆಯುವಾಗ ಕೊನೆಗೊಂದು ‘ಯಾ’ ಅಕ್ಷರ ಸೇರಿಸುತ್ತಾರೆ. ಮೇಷ್ಟ್ರುಗಳು ಇದನ್ನು ಕಾಗುಣಿತದ ತಪ್ಪು ಎನ್ನುತ್ತಾರೆ. ನನಗೆ ಅದು ತಪ್ಪಾಗಿ ಕಾಣುವುದಿಲ್ಲ. ಕಣ್ಣಿಗೂ ಅವಳು ಕಾಣಲಿ ಎಂದು ಬರೆದವರು ಬಯಸಿದ್ದಾರೆ, ಅಷ್ಟೆ.

ಬಾಯಲ್ಲೂ ಈ ವ್ಯತ್ಯಾಸ ನಿಂತಿರುವುದು ಕೂದಲೆಳೆಯ ಮೇಲೆ. ಗ್ರಾಂಥಿಕ ಅರಬಿಯಲ್ಲಿ ಮಾತು ನಿಲ್ಲಿಸುವ ಕಡೆ ಪದದ ಕೊನೆಯ ಹ್ರಸ್ವ ಸ್ವರ ಉದುರಿಹೋಗುತ್ತದೆ. ‘ಕ’, ‘ಕಿ’ ಎರಡೂ ಬರಿಯ ‘ಕ್’ ಆದರೆ ಗಂಡು ಯಾವುದು, ಹೆಣ್ಣು ಯಾವುದು? ಸಿಬವೈಹಿ ಎಂಟನೆಯ ಶತಮಾನದಲ್ಲೇ ಇದನ್ನು ಗಮನಿಸಿದ್ದ. ಬಸ್ರಾದಲ್ಲಿ ಕುಳಿತು ಅರಬಿ ವ್ಯಾಕರಣದ ಮೂಲಗ್ರಂಥ ಬರೆದವನು ಅವನು; ಆ ಗ್ರಂಥಕ್ಕೆ ‘ಅಲ್ ಕಿತಾಬ್’, ಅಂದರೆ ‘ಪುಸ್ತಕ’ ಎಂಬುದೇ ಹೆಸರಾಗಿ ನಿಂತಿತು. ತಮೀಮ್ ಮತ್ತು ಅಸದ್ ಬುಡಕಟ್ಟಿನವರಲ್ಲಿ ಅನೇಕರು ಹೆಣ್ಣನ್ನು ಮಾತಾಡಿಸುವಾಗ ಆ ‘ಕ್’ ಜಾಗದಲ್ಲಿ ‘ಶ್’ ನುಡಿಯುತ್ತಾರೆ, ಮಾತು ನಿಂತಲ್ಲಿ ಗಂಡು ಹೆಣ್ಣಿನ ಗುರುತು ಅಳಿಸಿಹೋಗಬಾರದೆಂದು ಹಾಗೆ ಮಾಡುತ್ತಾರೆ ಎಂದು ಅವನು ಬರೆದಿಟ್ಟ. ಪಂಡಿತರು ಇದಕ್ಕೆ ‘ಕಶ್‌ಕಶಾ’ ಎಂದು ಹೆಸರಿಟ್ಟರು, ಶಿಷ್ಟವಲ್ಲದ ಉಚ್ಚಾರ ಎಂದು ಬದಿಗಿಟ್ಟರು.

ಸಿಬವೈಹಿ ಪರ್ಷಿಯಾ ಮೂಲದವನು ಎಂಬುದನ್ನೂ ಇಲ್ಲಿ ಹೇಳಬೇಕು. ಪರ್ಷಿಯನ್ನಿನಲ್ಲಿ ಅವನು, ಅವಳು ಎರಡಕ್ಕೂ ಒಂದೇ ‘ಊ’. ಸರ್ವನಾಮದಲ್ಲಿ ಗಂಡು ಹೆಣ್ಣು ನೋಡದ ಭಾಷೆಯ ಹಿನ್ನೆಲೆಯಿಂದ ಬಂದವನ ಕಿವಿಗೆ ತಮೀಮರ ಆ ‘ಶ್’ ಅಷ್ಟು ಸ್ಪಷ್ಟವಾಗಿ ಬಿದ್ದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಹೊರಗಿನಿಂದ ಬಂದವನಿಗೇ ಇಂಥವು ಮೊದಲು ಕೇಳಿಸುವುದು.

ಇದೆಲ್ಲ ಓದುವಾಗ ನನಗೆ ಆ ಅಜ್ಜಿ ನೆನಪಾದರು. ಶ್ಲೋನಕ್, ಶ್ಲೋನಿಚ್. ಕೊಲ್ಲಿಯ ಆಡುಮಾತಿನಲ್ಲಿ ಹೆಣ್ಣಿನ ‘ಕ್’ ಇಂದು ‘ಚ್’ ಆಗಿ ಉಳಿದಿದೆ. ಶ್ಲೋನ್ ಎಂದರೆ ಮೂಲದಲ್ಲಿ ‘ಯಾವ ಬಣ್ಣ’ ಎಂದರ್ಥ. ನಿನ್ನ ಬಣ್ಣ ಹೇಗಿದೆ ಎಂದು ಕ್ಷೇಮ ಕೇಳುವ ರೀತಿ. ನಿನ್ನ ಹೆಸರು ಎನ್ನಲು ಗಂಡಿಗೆ ‘ಇಸ್ಮಕ್’, ಹೆಣ್ಣಿಗೆ ‘ಇಸ್ಮಿಚ್’. ತಮೀಮರ ‘ಶ್’, ಕೊಲ್ಲಿಯ ‘ಚ್’ ಎರಡೂ ಒಂದೇ ಬಗೆಯ ಮಾರ್ಪಾಟು. ಪಂಡಿತರು ಬದಿಗಿಟ್ಟಂಥದನ್ನು ಜನ ಸಾವಿರದ ಇನ್ನೂರು ವರ್ಷಗಳಾಚೆಗೂ ನುಡಿಯುತ್ತಿದ್ದಾರೆ, ನನ್ನ ಕೌಂಟರಿನ ಮುಂದೆ ನಿಂತು ಬೆರಳಿಟ್ಟು ಕಲಿಸಿದರು.

ಗಂಡು ಹೆಣ್ಣಿನ ಗುರುತು ಅಳಿಸಿಹೋಗುವ ಇಂಥದೇ ಆಪತ್ತು ಒಮ್ಮೆ ಇಂಗ್ಲಿಷಿಗೂ ಬಂದಿತ್ತು. ಹಳೆಯ ಇಂಗ್ಲಿಷಿನಲ್ಲಿ ಅವನು ‘ಹೇ’, ಅವಳು ‘ಹೇಓ’, ಅವರು ‘ಹೀಎ’. ಆಗ ಇಂಗ್ಲಿಷಿನ ನಾಮಪದಗಳಿಗೂ ಅರಬಿಯಂತೆ ವ್ಯಾಕರಣದ ಲಿಂಗವಿತ್ತು. ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ. ಅರಬಿಯಲ್ಲಿ ಇಂದಿಗೂ ಹಾಗೆಯೇ. ಹೆಂಗಸು ಎಂಬ ಅರ್ಥದ ‘ವೀಫ್’ ನಪುಂಸಕಲಿಂಗವಾಗಿತ್ತು. ನಾವಿಬ್ಬರು, ನೀವಿಬ್ಬರು ಎನ್ನಲು ‘ವಿತ್’, ‘ಯಿತ್’ ಎಂಬ ದ್ವಿವಚನಗಳೂ ಇದ್ದವು. ಕಾಲ ಸರಿದಂತೆ ಪದಾಂತ್ಯಗಳು ಸವೆದವು, ನಾಮಪದಗಳ ಲಿಂಗ ಹೋಯಿತು, ದ್ವಿವಚನವೂ ಹೋಯಿತು. ಎಷ್ಟೋ ಕಡೆ ‘ಹೇ’, ‘ಹೇಓ’ ಎರಡೂ ಉಚ್ಚಾರದಲ್ಲಿ ಹತ್ತಿರ ಬಂದು, ಅವನೋ ಅವಳೋ ತಿಳಿಯದ ಸ್ಥಿತಿ ಬಂತು.

ಆಗ ಕಾಣಿಸಿಕೊಂಡದ್ದು ‘ಶಿ’. ಅದರ ಅತ್ಯಂತ ಹಳೆಯ ದಾಖಲೆಗಳಲ್ಲೊಂದು ಪೀಟರ್‌ಬರೋ ಮಠದ ವೃತ್ತಾಂತದಲ್ಲಿದೆ. ಸಂನ್ಯಾಸಿಗಳು ವರ್ಷವರ್ಷದ ಸಂಗತಿ ಬರೆದಿಡುತ್ತಿದ್ದ, 1154ಕ್ಕೆ ನಿಂತುಹೋದ ಪುಸ್ತಕ ಅದು. ಇಂಗ್ಲೆಂಡಿನ ಸಿಂಹಾಸನಕ್ಕಾಗಿ ರಾಜ ಸ್ಟೀಫನ್‌ನೊಡನೆ ಕಾದಾಡುತ್ತಿದ್ದ ಮಟಿಲ್ಡಾ ಆಕ್ಸ್‌ಫರ್ಡ್ ಕೋಟೆಯಲ್ಲಿ ಸಿಕ್ಕಿಬಿದ್ದಿದ್ದಳು. ರಾತ್ರಿ ಹಗ್ಗ ಕಟ್ಟಿ ಗೋಪುರದಿಂದ ಕೆಳಗಿಳಿದು, ಮುತ್ತಿಗೆ ಹಾಕಿದ ಸೈನ್ಯದ ಕಣ್ಣುತಪ್ಪಿಸಿ, ಕಾಲ್ನಡಿಗೆಯಲ್ಲಿ ವಾಲಿಂಗ್‌ಫರ್ಡ್ ಊರಿಗೆ ಪಾರಾದಳು. ಅವಳು ಓಡಿಹೋದಳು ಎಂದು ಬರೆಯುವ ಜಾಗದಲ್ಲಿ ಆ ಸಂನ್ಯಾಸಿ ಹಳೆಯ ‘ಹೇಓ’ ಬಿಟ್ಟು ಹೊಸ ಸರ್ವನಾಮ ಬರೆದ. ಅದರ ಕಾಗುಣಿತ ಇಂದಿನ ‘ಶಿ’ಯದಲ್ಲ, ಪದ ಅದೇ. ಹಗ್ಗ ಹಿಡಿದು ಕೋಟೆಯಿಂದಿಳಿದ ಹೆಂಗಸಿನ ಜತೆಗೇ ‘ಶಿ’ ಇಂಗ್ಲಿಷಿನ ಕಾಗದಕ್ಕೆ ಇಳಿದದ್ದು ನನಗೆ ಬಹಳ ಇಷ್ಟವಾದ ಸಂಗತಿ. ‘ಹೇಓ’ದಿಂದಲೇ ‘ಶಿ’ ಹುಟ್ಟಿತೋ, ‘ಆ’ ಎಂಬ ಅರ್ಥದ ಬೇರೊಂದು ಸ್ತ್ರೀಲಿಂಗ ಪದದಿಂದ ಬಂತೋ ಎಂಬುದರಲ್ಲಿ ಪಂಡಿತರಿಗೆ ಇಂದಿಗೂ ಒಮ್ಮತವಿಲ್ಲ. ‘ದೇ’ ಎಂಬುದು ಉತ್ತರದಿಂದ ಬಂದು ನೆಲೆಸಿದ ನಾರ್ಸ್ ಜನರ ಮಾತು. ಅದನ್ನೂ ಇಂಗ್ಲಿಷರು ಇಂಥದೇ ಗೊಂದಲ ಕಳೆಯಲು ಎತ್ತಿಕೊಂಡರು.

ಅರಬಿಗೂ ಇಂಗ್ಲಿಷಿಗೂ ಕುಲಸಂಬಂಧವಿಲ್ಲ. ಒಂದು ಮರುಭೂಮಿಯ ಬುಡಕಟ್ಟಿನದು, ಇನ್ನೊಂದು ಮಳೆನಾಡಿನ ಮಠದ್ದು. ಎರಡೂ ಕಡೆ ಸ್ವರ ಸವೆದು ‘ಅವಳು’, ‘ನೀನು’ ಎಂಬ ಹೆಣ್ಣುಗುರುತು ಮಾಯವಾಗುವ ಹೊತ್ತಿಗೆ ಜನರ ನಾಲಿಗೆಯೇ ಹೊಸ ಗುರುತು ಮಾಡಿಕೊಂಡಿತು. ಎರಡೂ ಕಡೆ ಅದು ‘ಶ’ಕಾರವೇ ಆದದ್ದು ಕಾಕತಾಳೀಯ. ವ್ಯಾಕರಣಕಾರ ನಿಯಮ ಮಾಡಿದ್ದಕ್ಕೆ ಲಿಂಗ ಬಂತು ಎನ್ನುವವರು ಇದನ್ನು ನೋಡಬೇಕು.

ಜನ ಉಳಿಸಿಕೊಂಡಂತೆ ಬಿಟ್ಟೂ ಇದ್ದಾರೆ. ಕೈರೋದಂಥ ಅರಬ್ ನಗರಗಳ ಆಡುಮಾತಿನಲ್ಲಿ ‘ಅಂತುನ್ನ’, ‘ಹುನ್ನ’ ಇಲ್ಲ. ಗಂಡಸರ ಗುಂಪಿಗೂ ಹೆಂಗಸರ ಗುಂಪಿಗೂ ಒಂದೇ ರೂಪ. ಅಲೆಮಾರಿ ಬೆದೂಯಿನ್ನರ ಮಾತುಗಳಲ್ಲಿ, ಅರಬಸ್ತಾನದ ಒಳನಾಡಿನಲ್ಲಿ ಅವು ಇನ್ನೂ ಬದುಕಿವೆ. ಟ್ಯೂನಿಸ್ ನಗರದಲ್ಲಿ ಇನ್ನೊಂದು ತಿರುವು: ಅಲ್ಲಿ ಎದುರಿನವರು ಗಂಡಸಾದರೂ ಹೆಂಗಸಾದರೂ ‘ಇಂತಿ’ಯೇ. ಬೇರೆಡೆ ಸ್ತ್ರೀಲಿಂಗವಾದದ್ದು ಅಲ್ಲಿ ಎಲ್ಲರಿಗೂ ಸಲ್ಲುವ ‘ನೀನು’. ಪೂರ್ವದ ಅರಬರು ಅಲ್ಲಿಗೆ ಹೋದರೆ ಮೊದಲ ದಿನ ಚಕಿತರಾಗುತ್ತಾರೆ.

‘ಇಟ್’ ವಿಷಯ ಹೆಚ್ಚು ಬೆಳೆಸಬೇಕಿಲ್ಲ. ಅರಬಿಯಲ್ಲಿ ನಪುಂಸಕಲಿಂಗವಿಲ್ಲ, ಪ್ರತಿ ವಸ್ತುವೂ ಅವನೋ ಅವಳೋ ಆಗಬೇಕು. ಅದಕ್ಕಿಂತ ನಮ್ಮನ್ನು ದಿಕ್ಕೆಡಿಸುವುದು ಬಹುವಚನ: ಮನುಷ್ಯರಲ್ಲದ ಯಾವುದೇ ಆದರೂ ಹಲವಾದೊಡನೆ ‘ಅವಳು’ ಆಗುತ್ತದೆ. ಪುಸ್ತಕ ಒಂದಿದ್ದರೆ ‘ಅವನು’, ಹತ್ತಿದ್ದರೆ ‘ಅವಳು ಮೇಜಿನ ಮೇಲಿದ್ದಾಳೆ’. ಅವನು, ಅವಳು, ಅದು, ಅವರು, ಅವು ಎಂದು ಮನುಷ್ಯರನ್ನೂ ಉಳಿದದ್ದನ್ನೂ ಬೇರೆ ಮಾಡಿಟ್ಟ ಕನ್ನಡದ ಕಿವಿ ಇದಕ್ಕೆ ಒಗ್ಗಲು ವರ್ಷ ಬೇಕು. ಇಂಗ್ಲಿಷರು ಹಡಗನ್ನು ‘ಶಿ’ ಎನ್ನುತ್ತಿದ್ದುದು ವ್ಯಾಕರಣದಿಂದಲ್ಲ, ಮಮತೆಯಿಂದ. ಮನಸ್ಸು ಬದಲಾದಾಗ ಬಿಡಲೂ ಸಾಧ್ಯವಾಯಿತು. ಹಡಗು ವ್ಯಾಪಾರದ ಹಳೆಯ ಪತ್ರಿಕೆ ‘ಲಾಯ್ಡ್ಸ್ ಲಿಸ್ಟ್’ 2002ರಲ್ಲಿ ಹಡಗಿಗೆ ‘ಇಟ್’ ಎಂದು ಬರೆಯತೊಡಗಿತು. ಅರಬಿಯ ಹಡಗಿಗೆ ಆ ಆಯ್ಕೆಯಿಲ್ಲ.

ಈಗ ನನ್ನನ್ನು ಹೆಚ್ಚು ಕಾಡಿದ ಮಾತಿಗೆ ಬರುತ್ತೇನೆ. ಅರಬಿಯ ಶಿಷ್ಟ ನಿಯಮದಂತೆ ನೂರು ಹೆಂಗಸರ ನಡುವೆ ಒಬ್ಬ ಗಂಡಸಿದ್ದರೂ ಇಡೀ ಗುಂಪು ‘ಹುಮ್’. ಹೆಂಗಸರೂ ಅದರೊಳಗೆ ಇದ್ದಾರೆ ಎಂದು ತಿಳಿಯಬೇಕು. ಇದನ್ನು ಪ್ರಶ್ನಿಸಿದವರು ಇಂದಿನವರು ಮಾತ್ರವಲ್ಲ. ಪ್ರವಾದಿಯವರ ಪತ್ನಿ ಉಮ್ಮು ಸಲಮಾ, ಗಂಡಸರ ಹೆಸರು ಬರುವಂತೆ ಹೆಂಗಸರ ಹೆಸರೇಕೆ ಬರುವುದಿಲ್ಲ ಎಂದು ಕೇಳಿದರು ಎಂದು ಹದೀಸ್ ಪರಂಪರೆ ಹೇಳುತ್ತದೆ. ಕುರ್‌ಆನಿನ 33ನೇ ಅಧ್ಯಾಯದ 35ನೇ ವಚನ ಅದಕ್ಕೆ ಉತ್ತರವಾಗಿ ಬಂತು ಎಂಬುದು ನಂಬಿಕೆ. ಆ ವಚನದಲ್ಲಿ ಒಂದೊಂದು ಗುಣಕ್ಕೂ ಪುಲ್ಲಿಂಗ, ಸ್ತ್ರೀಲಿಂಗ ಎರಡು ಪದಗಳನ್ನೂ ಬಿಡದೆ ಹೇಳುತ್ತಾ ಹತ್ತು ಜೋಡಿ ಸಾಗುತ್ತವೆ. ಒಂದರೊಳಗೆ ಇನ್ನೊಂದು ಸೇರಿದೆ ಎನ್ನುವ ವ್ಯಾಕರಣ ಕೈಗೆ ಸಿಗುವಂತಿದ್ದರೂ, ಆ ಜೋಡಿಗಳಲ್ಲಿ ಅದನ್ನು ಬಳಸಲಿಲ್ಲ.

ಇಂಗ್ಲಿಷಿನಲ್ಲಿ ಪುಲ್ಲಿಂಗದೊಳಗೆ ಹೆಂಗಸರನ್ನೂ ಸೇರಿಸುವ ಕೆಲಸವನ್ನು ಭಾಷೆಗಿಂತ ಹೆಚ್ಚಾಗಿ ಮಾಡಿದ್ದು ಕಾನೂನು. 1850ರಲ್ಲಿ ಬ್ರಿಟಿಷ್ ಸಂಸತ್ತು, ಕಾಯ್ದೆಗಳಲ್ಲಿ ಬರುವ ಪುಲ್ಲಿಂಗ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆ ಎಂದು ವಿಧಿಸಿತು. ಹಾಗಾದರೆ ಮತದಾನದ ಕಾಯ್ದೆಯ ‘ಮ್ಯಾನ್’ ಎಂಬ ಪದದಲ್ಲಿ ಹೆಂಗಸರೂ ಇರಬೇಕಲ್ಲ? ಸಂಶಯವೇ ಬೇಡವೆಂದು ಸಂಸದ ಜಾನ್ ಸ್ಟುವರ್ಟ್ ಮಿಲ್ 1867ರ ಮೇ 20ರಂದು ಆ ಪದ ತೆಗೆದು ‘ಪರ್ಸನ್’ ಎಂದು ಹಾಕಿ ಎಂದು ಸಂಸತ್ತಿನಲ್ಲಿ ಕೇಳಿದ. ಪರವಾಗಿ 73 ಮತ, ವಿರುದ್ಧ 196. ಮರುವರ್ಷ ಮ್ಯಾಂಚೆಸ್ಟರಿನ ಸಾವಿರಾರು ಹೆಂಗಸರು ಮತದಾರರ ಪಟ್ಟಿಗೆ ಸೇರಿಸಿ ಎಂದು ಬಂದಾಗ, 1850ರ ಕಾಯ್ದೆ ಏನೇ ಹೇಳಲಿ, ಈ ‘ಮ್ಯಾನ್’ ಗಂಡಸು ಮಾತ್ರ ಎಂದು ನ್ಯಾಯಾಲಯ ತೀರ್ಪಿತ್ತಿತು. ಅಮೆರಿಕದಲ್ಲಿ ಮತ ಹಾಕಿದ್ದಕ್ಕೆ ಬಂಧನಕ್ಕೊಳಗಾದ ಸೂಸನ್ ಆಂಥನಿ ಎತ್ತಿದ ಪ್ರಶ್ನೆಯೂ ಇದೇ: ತೆರಿಗೆಗೆ, ಶಿಕ್ಷೆಗೆ ‘ಹಿ’ ಎಂದರೆ ನಾವೂ ಸೇರುತ್ತೇವೆ, ಮತಕ್ಕೆ ಮಾತ್ರ ಏಕಿಲ್ಲ? ಇದಕ್ಕೆ ಸರಿಯಾದ ಉತ್ತರ ಅಂದು ಯಾರೂ ಕೊಡಲಿಲ್ಲ.

ಆ ‘ಹಿ’ ನಮ್ಮ ಕೋರ್ಟು ಕಚೇರಿಗೂ ಬಂತು. 1860ರ ಭಾರತೀಯ ದಂಡ ಸಂಹಿತೆಯ 8ನೇ ಕಲಂ, ‘ಹಿ’ ಎಂಬ ಸರ್ವನಾಮ ಗಂಡು ಹೆಣ್ಣು ಯಾರಿಗಾದರೂ ಅನ್ವಯಿಸುತ್ತದೆ ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ‘ಹಿ’ ಮುಂದುವರಿದಿದೆ. ಗಂಡು, ಹೆಣ್ಣಿನ ಜತೆಗೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಹೆಸರಿಸಿ ಸೇರಿಸಿದ್ದಾರೆ. ಹೆಸರಿಸಿದ್ದು ಒಳ್ಳೆಯದಾಯಿತು. ಆದರೂ ಮೂವರೂ ನಿಂತಿರುವುದು ಒಬ್ಬನ ಸರ್ವನಾಮದ ನೆರಳಲ್ಲಿ. ಕನ್ನಡದ ‘ಅವರು’ ಆ ಕಲಮನ್ನೇ ಅನಗತ್ಯ ಮಾಡುತ್ತಿತ್ತು.

ಇಂಗ್ಲಿಷರ ಆಡುಮಾತು ಕಾನೂನಿಗೆ ಕಾಯದೆ ತನ್ನ ದಾರಿ ಹುಡುಕಿಕೊಂಡಿತ್ತು. ಗಂಡೋ ಹೆಣ್ಣೋ ತಿಳಿಯದ ಒಬ್ಬರಿಗೆ ‘ದೇ’ ಎನ್ನುವ ರೂಢಿ 14ನೇ ಶತಮಾನದಿಂದ ಇದೆ. ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಬರೆದದ್ದರಲ್ಲೂ ಇದೆ. ತಾವು ಗಂಡೂ ಅಲ್ಲ ಹೆಣ್ಣೂ ಅಲ್ಲ ಎನ್ನುವವರು ಆ ‘ದೇ’ಯನ್ನೇ ತಮ್ಮ ಸರ್ವನಾಮ ಮಾಡಿಕೊಂಡಾಗ, ಮೆರಿಯಮ್ ವೆಬ್‌ಸ್ಟರ್ ನಿಘಂಟು ಅದನ್ನು 2019ರ ವರ್ಷದ ಪದವೆಂದು ಆರಿಸಿತು. ಅರಬಿಯಲ್ಲಿ ಅಂಥವರಿಗೆ ದಾರಿ ಕಿರಿದು, ಏಕೆಂದರೆ ‘ನೀನು’ ಎಂಬಲ್ಲೇ ಬಾಗಿಲು ಎರಡಾಗಿ ಒಡೆದಿದೆ. ಕೆಲವರು ದ್ವಿವಚನದ ‘ಅಂತುಮಾ’, ‘ಹುಮಾ’ಗಳ ಮೊರೆ ಹೋಗಿದ್ದಾರೆ. ಇಬ್ಬರಿಗೆಂದು ಇದ್ದ, ಲಿಂಗ ಕೇಳದ ಹಳೆಯ ರೂಪ ಈಗ ಒಬ್ಬರಿಗೆ ಆಸರೆಯಾಗಿದೆ.

ಲಿಂಗ ಅಳಿಸಿದರೆ ಸಮಾನತೆ ಬರುತ್ತದೆ ಎಂದು ನಾನೂ ಒಂದು ಕಾಲಕ್ಕೆ ನಂಬಿದ್ದೆ. ಈಗ ಇಲ್ಲ. ಪರ್ಷಿಯನ್, ಬಂಗಾಳಿ ಭಾಷೆಗಳಲ್ಲಿ ಅವನು ಅವಳು ಭೇದವಿಲ್ಲ. ಅದರಿಂದ ಅಲ್ಲಿನ ಹೆಂಗಸರ ಬದುಕು ಹಗುರವಾಗಿದೆ ಎಂದು ಯಾರೂ ಹೇಳಲಾರರು. 2021ರಲ್ಲಿ ಟ್ವಿಟರ್ ತನ್ನ ಅರಬಿ ಆವೃತ್ತಿಯಲ್ಲಿ ಸ್ತ್ರೀಲಿಂಗದ ಆಯ್ಕೆಯೊಂದನ್ನು ತಂದಿತು. ಅಲ್ಲಿಯವರೆಗೆ ಪರದೆಯ ಮೇಲಿನ ‘ಬರೆ’, ‘ಹುಡುಕು’ ಎಲ್ಲವೂ ಗಂಡಿಗೆ ಹೇಳಿದಂತಿದ್ದವು. ಆ ಹೆಂಗಸರಿಗೆ ಬೇಕಿದ್ದದ್ದು ಲಿಂಗವಿಲ್ಲದ ಕ್ರಿಯಾಪದವಲ್ಲ, ತಮ್ಮನ್ನು ಮಾತಾಡಿಸುವ ಕ್ರಿಯಾಪದ. ಕ್ಲಿನಿಕ್ಕಿನ ಆ ಅಜ್ಜಿ ಕೇಳಿದ್ದೂ ಅದನ್ನೇ.

ನಾವು ಕೂಲಿಗಳು ಆಡುತ್ತಿದ್ದ ಅರಬಿಯಲ್ಲೂ ಲಿಂಗವಿರಲಿಲ್ಲ. ಕೊಲ್ಲಿಯ ಕಾರ್ಮಿಕರ ಆ ಮುರುಕು ಅರಬಿಯಲ್ಲಿ ಎಲ್ಲರೂ ‘ಇಂತ’, ಎಲ್ಲರೂ ‘ಹುವ’. ಮುರುಕು ಭಾಷೆಗಳಲ್ಲಿ ಪ್ರತ್ಯಯಗಳು ಉದುರುವುದು ಸಹಜ, ನಿಜ. ಆದರೆ ಉದುರಿ ಉಳಿದದ್ದು ಪುಲ್ಲಿಂಗವೇ ಏಕೆ? ಎಂಟೆಂಟು ಜನ ಗಂಡಸರು ಒಂದು ಕೋಣೆಯಲ್ಲಿ ಮಲಗೆದ್ದು, ಗಂಡಸರೇ ತುಂಬಿದ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ, ಗಂಡಸು ಮೇಸ್ತ್ರಿಯಿಂದ ಹೇಳಿಸಿಕೊಂಡು ಬರುವ ಬದುಕಿನಲ್ಲಿ ಯಾರನ್ನು ‘ಇಂತಿ’ ಎಂದು ಕರೆಯುವುದು?

ಇದಕ್ಕೆ ಎದುರಾದ ಉದಾಹರಣೆ ಲೆಬನಾನಿನಲ್ಲಿದೆ. ಅಲ್ಲಿ ಮನೆಗೆಲಸಕ್ಕೆ ಹೋದ ಶ್ರೀಲಂಕಾದ ಹೆಂಗಸರ ಅರಬಿಯನ್ನು ಫಿದಾ ಬಿಝ್ರಿ ಎಂಬ ಭಾಷಾವಿಜ್ಞಾನಿ ಅಧ್ಯಯನ ಮಾಡಿ, ಅದಕ್ಕೆ ‘ಪಿಜಿನ್ ಮೇಡಂ’ ಎಂದು ಹೆಸರಿಟ್ಟರು; ಪಿಜಿನ್ ಎಂದರೆ ಇಂಥ ಮುರುಕು ಭಾಷೆ. ಆ ಮಾತಿನ ಕ್ರಿಯಾಪದಗಳು ಹೆಚ್ಚಾಗಿ ಸ್ತ್ರೀಲಿಂಗದ ಆಜ್ಞಾರೂಪದಿಂದ ಹುಟ್ಟಿದವು. ಮನೆಯೊಡತಿ ಬೆಳಗಿನಿಂದ ರಾತ್ರಿಯವರೆಗೆ ಬಾ, ತಾ, ತೊಳೆ, ಒರೆಸು ಎಂದು ಹೇಳುವುದು ಹೆಣ್ಣಾಳಿಗೆ. ಕಿವಿಗೆ ಬಿದ್ದದ್ದು ಆ ರೂಪವೊಂದೇ. ಅದನ್ನೇ ಅವರು ಎಲ್ಲರಿಗೂ ಎಲ್ಲದಕ್ಕೂ ಬಳಸಿದರು. ಒಂದೇ ಭಾಷೆಯನ್ನು ಕೂಲಿಯ ಗಂಡಸು ಪುಲ್ಲಿಂಗದಲ್ಲಿ ಕಲಿತ, ಕೂಲಿಯ ಹೆಂಗಸು ಸ್ತ್ರೀಲಿಂಗದಲ್ಲಿ ಕಲಿತಳು. ಯಾರು ಯಾರಿಗೆ ಎದುರಾಗಿ ನಿಂತಿದ್ದರು, ಯಾರು ಯಾರಿಗೆ ಅಪ್ಪಣೆ ಕೊಟ್ಟರು ಎಂಬುದನ್ನು ಅರಬಿಯ ‘ನೀನು’ ಹೀಗೆ ಬರೆದಿಟ್ಟುಕೊಂಡಿದೆ. ಅದೇ ಹೆಂಗಸರು ಇಂಗ್ಲಿಷ್ ಮನೆಯಲ್ಲಿ ದುಡಿದಿದ್ದರೆ ‘ಯು’ ಎಂಬ ಪದದಲ್ಲಿ ಅವರ ಗುರುತೇ ಉಳಿಯುತ್ತಿರಲಿಲ್ಲ.

ಈಗಲೂ ನಮ್ಮ ಊರಿನಿಂದ ಕೊಲ್ಲಿಗೆ ಹೊರಟ ಹುಡುಗರು ನಾಲ್ಕು ಮಾತು ಅರಬಿ ಹೇಳಿಕೊಡಿ ಎಂದು ಮನೆಗೆ ಬರುತ್ತಾರೆ. ಸಂಬಳ, ರಜೆ, ನೀರು, ಎಷ್ಟು ಎಂಬ ಮಾತುಗಳನ್ನು ಅವರು ಅಲ್ಲಿಗೆ ಹೋದ ಒಂದೇ ವಾರದಲ್ಲಿ ಕಲಿಯುತ್ತಾರೆ, ಅದಕ್ಕೆ ನಾನು ಬೇಕಿಲ್ಲ. ನಾನು ಮೊದಲು ಹೇಳಿಕೊಡುವುದು ಎರಡೇ ಪದ: ಗಂಡಸರಿಗೆ ಶ್ಲೋನಕ್, ಹೆಂಗಸರಿಗೆ ಶ್ಲೋನಿಚ್.